ಕಸೂತಿ ಕಲೆ ಮತ್ತು ಗ್ರಾಮೀಣ ಮಹಿಳೆಯರ ದುಡಿಮೆ: ಒಂದು ವಿವೇಚನೆ

ಧಾರವಾಡ ಸೀಮೆಯ ಕಸೂತಿಯು ಉತ್ತರ ಕರ್ನಾಟಕದ ಮಹಿಳೆಯರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಸೂಜಿಯ ಕಲೆ. ಇಳಕಲ್ಲ ಸೀರೆಯ ಸೆರಗು, ಖಣದ ಕುಪ್ಪಸ, ಕೂಸಿನ ಕುಲಾಯಿ ಇವು ಅದರ ಮೂಲ ನೆಲೆಗಳು. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಗೆ ಮದುವೆಯ ಉಡುಗೊರೆಗಳಲ್ಲಿ ವಿಶೇಷ ಸ್ಥಾನವಿತ್ತು. ಅದನ್ನು ಸಿದ್ಧಪಡಿಸಿದ ತಾಯಿ, ಅಜ್ಜಿ, ಸೋದರತ್ತೆಯರಿಗೆ ಕೂಲಿಯ ಪ್ರಶ್ನೆಯೇ ಇರಲಿಲ್ಲ; ಅದು ಬಿಡುವಿನ ವೇಳೆಯ ಕೆಲಸವೆಂದೇ ಎಣಿಕೆಯಾಗಿತ್ತು. ಕಸೂತಿ ಮಾರುಕಟ್ಟೆಗೆ ಬಂದ ಮೇಲೂ ಈ ಎಣಿಕೆ ಅದರ ಬೆನ್ನು ಬಿಡಲಿಲ್ಲ. ಸಬಲೀಕರಣದ ಚರ್ಚೆ ಆರಂಭವಾಗಬೇಕಾದುದು ಇಲ್ಲಿಂದ.

ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿಯಲ್ಲಿ ಸೂಜಿಯು ಸಮನಾದ ಎಡೆಗಳನ್ನು ಬಿಡುತ್ತ ಮುಂದೆ ಸಾಗಿ, ಬಂದ ದಾರಿಯಲ್ಲಿಯೇ ಮರಳುತ್ತ ಆ ಎಡೆಗಳನ್ನು ತುಂಬುತ್ತದೆ. ಮುರಗಿಯದೂ ಇದೇ ಕ್ರಮ. ಆದರೆ ಅದರ ನಡೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಇವೆರಡರಲ್ಲಿಯೂ ದಾರಕ್ಕೆ ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತವೆ. ನೇಗಿಯು ನೇಯ್ಗೆಯನ್ನು ಹೋಲುತ್ತದೆ. ಮೆಂತೆ ಎಂಬುದು ಅಡ್ಡ ಹೊಲಿಗೆ. ಗೋಪುರ, ತೇರು, ಪಲ್ಲಕ್ಕಿ, ತುಳಸಿ ವೃಂದಾವನ, ಆನೆ ಯಾವುದೇ ಇರಲಿ, ಸಾಂಪ್ರದಾಯಿಕ ಪದ್ಧತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಆಕೃತಿ ಮೂಡಬೇಕು. ಒಂದು ಎಳೆ ತಪ್ಪಿದರೂ ಮರಳುವ ಸೂಜಿಗೆ ದಾರಿ ಕೂಡುವುದಿಲ್ಲ, ಹಾಕಿದ್ದನ್ನು ಬಿಚ್ಚಬೇಕಾಗುತ್ತದೆ. ಕವಲೊಡೆಯುವ ಗೋಪುರದಂಥ ಆಕೃತಿಯಲ್ಲಿ ಯಾವ ಕವಲನ್ನು ಮೊದಲು ಮುಗಿಸಿ ಎಲ್ಲಿಂದ ಹಿಂದಿರುಗಬೇಕೆಂಬುದನ್ನು ಹೆಣ್ಣುಮಗಳು ಸೂಜಿ ಚುಚ್ಚುವ ಮುನ್ನವೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿರುತ್ತಾಳೆ. ಅಕ್ಷರ ಬಾರದವರಲ್ಲಿಯೂ ಇದ್ದ ಈ ಲೆಕ್ಕದ ಜ್ಞಾನವನ್ನು 'ಕೈಚಳಕ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ನ್ಯಾಯವಲ್ಲ.

ಮಾರುಕಟ್ಟೆಯ ವ್ಯವಸ್ಥೆಯಲ್ಲಿ ಬಟ್ಟೆ, ದಾರ, ನಮೂನೆಗಳು ಸಾಮಾನ್ಯವಾಗಿ ಕೆಲಸ ಹಂಚುವವರವು. ಸೂಜಿ ಹಿಡಿದ ಕೈ ಮತ್ತು ಎಳೆ ಎಣಿಸುವ ಕಣ್ಣು ಮಾತ್ರ ಹೆಣ್ಣುಮಗಳವು. ಕೂಲಿಯನ್ನು ನಗದ ಲೆಕ್ಕದಲ್ಲಿ ಗೊತ್ತುಮಾಡುವುದರಿಂದ ಗಂಟೆಗಳ ಲೆಕ್ಕ ಎಲ್ಲಿಯೂ ದಾಖಲಾಗುವುದಿಲ್ಲ. ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವ ಶ್ರಮಕ್ಕೂ ತಿಳಿ ಬಣ್ಣದ ಬಟ್ಟೆಯ ಮೇಲಿನ ಕೆಲಸಕ್ಕೂ ಇರುವ ಅಂತರ, ತಪ್ಪಿದಾಗ ಬಿಚ್ಚಿ ಮತ್ತೆ ಹಾಕಿದ ಹೊತ್ತು, ಇವು ದರದಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

ಕಸೂತಿಗೆ 2005-06ರ ಸಾಲಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಇದು ಮಹತ್ವದ ಸಂಗತಿಯೇ ಸರಿ. ಆದರೆ ಇದಕ್ಕೆ ಆಧಾರವಾದ 1999ರ ಕಾಯಿದೆಯು ಕಾಪಾಡುವುದು ಹೆಸರನ್ನು. ಅನ್ಯರು ಅದನ್ನು ದುರುಪಯೋಗಪಡಿಸಿಕೊಂಡಾಗ ತಡೆಯುವ ಅಧಿಕಾರ ಅದರಿಂದ ಬರುತ್ತದೆ. ಹೆಸರಿನಿಂದ ಹೆಚ್ಚಿದ ಬೆಲೆಯಲ್ಲಿ ಹೊಲಿದವಳ ಪಾಲೆಷ್ಟು ಎಂಬುದನ್ನು ಆ ಕಾಯಿದೆ ಹೇಳುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಯ ಕೆಲಸವಿದೆ, ಕಸೂತಿಯ ಹೆಸರಿಲ್ಲ.

ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಬೇರೊಂದು ಕಸೂತಿ ಪರಂಪರೆಯಿದೆ. ಲಂಬಾಣಿ ಮಹಿಳೆಯರು ತಮ್ಮ ಫೇಟಿಯಾ, ಕಾಂಚಳಿಗಳಿಗೆ ಕನ್ನಡಿ, ಕವಡೆ, ಬಣ್ಣದ ತೇಪೆಗಳನ್ನು ಸೇರಿಸಿ ಹೊಲಿಯುತ್ತಿದ್ದ ಕಲೆಗೆ 1980ರ ದಶಕದಿಂದ ಸಂಡೂರು ಕುಶಲ ಕಲಾ ಕೇಂದ್ರವು ಸಂಘಟಿತ ರೂಪ ಕೊಟ್ಟಿತು. 2010-11ರ ಸಾಲಿನಲ್ಲಿ ಇದಕ್ಕೂ ಭೌಗೋಳಿಕ ಸೂಚಕ ಸಿಕ್ಕಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ, ಈ ಕೇಂದ್ರದೊಡನೆ ಸಂಬಂಧವುಳ್ಳ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1755 ತೇಪೆ ಕೆಲಸಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಗಿಂತ ಇಲ್ಲಿ ಮುಖ್ಯವಾದುದು, ಚದುರಿದ ಕೈಗಳಿಗೆ ಒಂದು ಸಾಮಾನ್ಯ ನೆಲೆ ದೊರೆತುದು. ತಾಂಡಾದ ಒತ್ತಟ್ಟಿನ ಬದುಕು ಇದಕ್ಕೆ ಅನುಕೂಲವಾಗಿರಬೇಕು. ಧಾರವಾಡ ಸೀಮೆಯ ಕಸೂತಿಯಾದರೋ ಊರೂರುಗಳ ಬೇರೆ ಬೇರೆ ಓಣಿ, ಮನೆಗಳಲ್ಲಿ ಹಂಚಿಹೋಗಿದೆ. ಸಂಡೂರಿನ ಮಾದರಿಯನ್ನು ಅಲ್ಲಿ ಹಾಗೆಯೇ ಇಳಿಸಲಾಗದು.

ಆದರೆ ಲಂಬಾಣಿ ಕಸೂತಿಗಿಲ್ಲದ ಒಂದು ಅನುಕೂಲ ಇದಕ್ಕಿದೆ. ಕೈಕೆಲಸದ ಶ್ರಮವನ್ನು ಅಳೆಯಲಾಗದೆಂಬ ಮಾತು ಕೂಲಿಯ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಎಳೆ ಎಣಿಸಿ ಹಾಕುವ ಕಲೆಗೆ ಅದು ಹೊಂದುವುದಿಲ್ಲ. ಒಂದು ತೇರಿನಲ್ಲಿ ಎಷ್ಟು ಗವಂತಿ, ಎಷ್ಟು ಮೆಂತೆ ಎಂಬುದನ್ನು ಬಟ್ಟೆಯ ಮೇಲೆಯೇ ಎಣಿಸಬಹುದು. ಪ್ರಚಲಿತ ನಮೂನೆಗಳ ಹೊಲಿಗೆಯ ಸಂಖ್ಯೆಯನ್ನು, ಅನುಭವಿ ಹೆಣ್ಣುಮಕ್ಕಳಿಗೆ ಅವುಗಳಿಗೆ ಹಿಡಿಯುವ ಹೊತ್ತನ್ನು ಬಟ್ಟೆಯ ಬಣ್ಣವಾರು ಬರೆದಿಟ್ಟ ದರಪಟ್ಟಿಯೊಂದು ಸಿದ್ಧವಾಗಿ, ಕನ್ನಡದಲ್ಲಿ ಅಚ್ಚಾಗಿ ಅವರ ಕೈಗೆ ಸೇರಿದರೆ, ನಗಕ್ಕೆ ಇಷ್ಟೆಂದು ಒಪ್ಪುವ ಮುನ್ನ ಅವರು ತಮ್ಮ ಲೆಕ್ಕವನ್ನು ಮುಂದಿಡಬಲ್ಲರು.