ಗುಂಡಿಗೆ ಬದಲಾಯಿತು, ಮೂತಿ ಬದಲಾಗಲಿಲ್ಲ

ಎರಡನೇ ಮಹಾಯುದ್ಧದ ಕಾಲದ ಜೀಪಿನ ಬಾನೆಟ್ ಎತ್ತಿದರೆ ಹೆಡ್‌ಲೈಟಿನ ಹತ್ತಿರ, ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ತಿರುಗಿಸಬಹುದಾದ ಒಂದು ರೆಕ್ಕೆ ನಟ್ಟು ಕಾಣುತ್ತದೆ. ಅದನ್ನು ಸಡಿಲಿಸಿದರೆ ದೀಪ ಕೀಲಿನ ಮೇಲೆ ಮಗುಚಿಕೊಂಡು ಎಂಜಿನ್ನಿನ ಕಡೆಗೆ ಮುಖ ತಿರುಗಿಸುತ್ತದೆ. ರಾತ್ರಿ ಹೊತ್ತು ನಡುಕಾಡಿನಲ್ಲಿ ಗಾಡಿ ನಿಂತರೆ ಟಾರ್ಚ್ ಹಿಡಿಯಲು ಇನ್ನೊಬ್ಬ ಬೇಕಾಗಬಾರದು ಎಂಬ ಏರ್ಪಾಟು ಅದು. ಗಾಡಿ ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಕಟ್ಟಿದ ವಾಹನ. ಜೀಪು ಗಟ್ಟಿ ಎಂದು ದೂರದಿಂದ ಹೊಗಳುವವರು ಅದು ಕೆಡುವುದೇ ಇಲ್ಲ ಎಂದುಕೊಂಡಿರುತ್ತಾರೆ. ಮನೆಯಲ್ಲಿ ಇಟ್ಟುಕೊಂಡವರಿಗೆ ಗೊತ್ತು, ಅದು ಕೆಡುತ್ತಲೇ ಇರುತ್ತದೆ. ಆದರೆ ಕೆಟ್ಟ ಜಾಗದಲ್ಲೇ ಸರಿಹೋಗುತ್ತದೆ.

ಇದು ಹುಟ್ಟಿದ್ದೂ ಅಂಥದ್ದೇ ಅವಸರದಲ್ಲಿ. 1940ರಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆಯಿತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗಬೇಕು, ತೂಕ 1,300 ಪೌಂಡ್ ಅಂದರೆ ಸುಮಾರು 590 ಕೆ.ಜಿ. ದಾಟಬಾರದು, ಮೊದಲ ಮಾದರಿ 49 ದಿನದೊಳಗೆ ಬಂದು ನಿಲ್ಲಬೇಕು. ಬಹುತೇಕ ಕಂಪನಿಗಳು ಇದು ಆಗುಹೋಗುವ ಮಾತಲ್ಲ ಎಂದು ಸುಮ್ಮನಾದವು. 49 ದಿನಕ್ಕೆ ಒಪ್ಪಿದ್ದು ಒಂದೇ ಕಂಪನಿ. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನಲ್ಲಿ ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿದ್ದ ಅಮೆರಿಕನ್ ಬ್ಯಾಂಟಮ್. ಕಳೆದುಕೊಳ್ಳಲು ಏನೂ ಇಲ್ಲದವರೇ ಇಂಥ ಕರಾರಿಗೆ ಸಹಿ ಹಾಕುವುದು.

ಬ್ಯಾಂಟಮ್ ಕರೆಸಿಕೊಂಡ ಎಂಜಿನಿಯರ್ ಕಾರ್ಲ್ ಪ್ರಾಬ್‌ಸ್ಟ್ ಜುಲೈ ತಿಂಗಳಲ್ಲಿ ಬಟ್ಲರ್‌ಗೆ ಬಂದು ಎರಡೇ ದಿನದಲ್ಲಿ ನಕ್ಷೆ ಮುಗಿಸಿದ. ಗೇರ್‌ಬಾಕ್ಸು, ಆಕ್ಸಲ್‌ಗಳನ್ನೆಲ್ಲ ಅಲ್ಲಿ ಇಲ್ಲಿ ಸಿದ್ಧವಿದ್ದ ಭಾಗಗಳಿಂದ ಹೊಂದಿಸಿಕೊಂಡರು. ಸೆಪ್ಟೆಂಬರ್ 23ರಂದು ಪ್ರಾಬ್‌ಸ್ಟ್ ಆ ಗಾಡಿಯನ್ನು ತಾನೇ ಓಡಿಸಿಕೊಂಡು ಮೇರಿಲ್ಯಾಂಡಿನ ಹೋಲಾಬರ್ಡ್ ಸೇನಾ ಶಿಬಿರ ತಲುಪಿದಾಗ ಗಡುವಿಗೆ ಅರ್ಧ ಗಂಟೆ ಬಾಕಿಯಿತ್ತು. ತೂಕ ಮಾತ್ರ ಕೇಳಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಸೈನ್ಯ ಅದನ್ನು ಗುಡ್ಡ ಹತ್ತಿಸಿ, ಮುರಿಯುವ ಮಟ್ಟಕ್ಕೆ ದುಡಿಸಿ ಕೊನೆಗೆ ಮೆಚ್ಚಿತು. ಮೆಚ್ಚಿದ ಮೇಲೆ ನಡೆದದ್ದು ನ್ಯಾಯವಲ್ಲ. ಬ್ಯಾಂಟಮ್ ಸಣ್ಣ ಕಂಪನಿ, ಬೇಕಾದಷ್ಟು ಗಾಡಿ ಕೊಡಲಾರದು ಎಂದು ಆ ನಕ್ಷೆಗಳನ್ನು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಕೈಗಿಟ್ಟರು. ಬ್ಯಾಂಟಮ್‌ಗೆ ದಕ್ಕಿದ್ದು ಮೂರು ಸಾವಿರಕ್ಕೂ ಕಡಿಮೆ ಗಾಡಿಗಳು, ಆಮೇಲೆ ಟ್ರೈಲರ್ ಮಾಡುವ ಕೆಲಸ.

ಒಹಾಯೊದ ಟೊಲೆಡೊ ಊರಿನ ವಿಲ್ಲೀಸ್ ಗೆದ್ದದ್ದು ಎಂಜಿನ್ನಿನಿಂದ. ಬಾರ್ನಿ ರೂಸ್ ಎಂಬ ಎಂಜಿನಿಯರ್ ತಿದ್ದಿ ತೀಡಿದ್ದ ಅದರ 2.2 ಲೀಟರಿನ ಎಂಜಿನ್ 60 ಅಶ್ವಶಕ್ತಿ ಕೊಡುತ್ತಿತ್ತು. ಉಳಿದಿಬ್ಬರದು 45ರ ಆಸುಪಾಸು. ಫೋರ್ಡಿನವರಂತೂ ತಮ್ಮ ಟ್ರ್ಯಾಕ್ಟರ್ ಎಂಜಿನ್ನನ್ನೇ ತಂದು ಕೂರಿಸಿದ್ದರು, ಅದು ಸಪ್ಪೆ ಎನಿಸಿಕೊಂಡಿತು. ಈ ಟ್ರ್ಯಾಕ್ಟರ್ ಎಂಜಿನ್ನಿನ ಮಾತು ನೆನಪಿರಲಿ, ಭಾರತಕ್ಕೆ ಬಂದಾಗ ಬೇಕಾಗುತ್ತದೆ. ವಿಲ್ಲೀಸಿನ ತೊಂದರೆ ತೂಕ. ಸೈನ್ಯ ಮಿತಿಯನ್ನು 2,160 ಪೌಂಡಿಗೆ ಏರಿಸಿದರೂ ಅದರ ಗಾಡಿ ಒಳಗೆ ಬರಲಿಲ್ಲ. ರೂಸ್ ಇಡೀ ಗಾಡಿ ಬಿಚ್ಚಿಸಿ, ಬೋಲ್ಟುಗಳ ತುದಿಯಲ್ಲಿ ಹೆಚ್ಚಾದದ್ದನ್ನು ಕತ್ತರಿಸಿ, ಬಣ್ಣವನ್ನು ಒಂದೇ ಪದರಕ್ಕೆ ಇಳಿಸಿ ತೂಕದ ಲೆಕ್ಕ ಸರಿದೂಗಿಸಿದ.

ಈಗ ಜಗತ್ತೇ ಗುರುತಿಸುವ ಜೀಪಿನ ಆ ಮೂತಿ ವಿಲ್ಲೀಸಿನದೂ ಅಲ್ಲ, ಫೋರ್ಡಿನದು. ವಿಲ್ಲೀಸ್ ಕಬ್ಬಿಣದ ಪಟ್ಟಿಗಳನ್ನು ಬೆಸೆದು ರೇಡಿಯೇಟರ್ ಮುಂದೆ ಜಾಲರಿ ಮಾಡುತ್ತಿತ್ತು. ಫೋರ್ಡ್ ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಒಂಬತ್ತು ಉದ್ದನೆಯ ಸೀಳು ತೆಗೆಯಿತು, ಅಗ್ಗ, ಹಗುರ. 1942ರಲ್ಲಿ ವಿಲ್ಲೀಸೂ ಅದನ್ನೇ ಅಳವಡಿಸಿಕೊಂಡಿತು. ಯುದ್ಧ ಮುಗಿದು ನಾಗರಿಕರಿಗೆ ಜೀಪು ಮಾರಲು ಹೊರಟಾಗ ಹೆಡ್‌ಲೈಟು ದೊಡ್ಡದಾಯಿತು, ಸೀಳು ಏಳಕ್ಕಿಳಿಯಿತು. ಎರಡೂ ಕಂಪನಿಗಳ ಬಿಡಿಭಾಗಗಳು ಒಂದರದ್ದು ಇನ್ನೊಂದಕ್ಕೆ ಕೂರಬೇಕೆಂಬುದು ಸೈನ್ಯದ ಕಟ್ಟಾಜ್ಞೆ. ಹಾಗಾಗಿ ತನ್ನದು ಯಾವುದೆಂದು ಗೊತ್ತಾಗಲಿ ಎಂದು ಫೋರ್ಡ್ ಬೋಲ್ಟಿನ ತಲೆಯ ಮೇಲೂ ತನ್ನ ಇಂಗ್ಲಿಷ್ ಮೊದಲಕ್ಷರ ಒತ್ತುತ್ತಿತ್ತು. ಹಳೆ ಜೀಪು ಸಂಗ್ರಹಿಸುವವರು ಇವತ್ತಿಗೂ ಭೂತಗನ್ನಡಿ ಹಿಡಿದು ಹುಡುಕುವುದು ಆ ಅಕ್ಷರವನ್ನೇ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 6.4 ಲಕ್ಷ ಗಾಡಿ ಹೊರಬಂದಿದ್ದವು. ಜೀಪನ್ನು ಹುಟ್ಟಿಸಿದವರು ನಾವೇ ಎಂದು ವಿಲ್ಲೀಸ್ ಜಾಹೀರಾತು ಹಾಕಿಕೊಂಡಾಗ, ಹಾಗೆ ಹೇಳಿಕೊಳ್ಳುವಂತಿಲ್ಲ ಎಂದು ಅಮೆರಿಕದ ವ್ಯಾಪಾರ ಆಯೋಗ 1948ರಲ್ಲಿ ತಡೆದದ್ದೂ ಉಂಟು. ಆದರೂ 1950ರಲ್ಲಿ ಹೆಸರಿನ ಹಕ್ಕು ಸಿಕ್ಕಿದ್ದು ವಿಲ್ಲೀಸಿಗೇ.

ಇತ್ತ ನಮ್ಮಲ್ಲಿ 1945ರ ಅಕ್ಟೋಬರ್ 2ರಂದು ಉಕ್ಕಿನ ವ್ಯಾಪಾರಕ್ಕೆಂದು ಒಂದು ಕಂಪನಿ ಶುರುವಾಗಿತ್ತು. ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಸೋದರರು ಮತ್ತು ಮಲಿಕ್ ಗುಲಾಮ್ ಮಹಮ್ಮದ್ ಸೇರಿ ಕಟ್ಟಿದ ಮಹೀಂದ್ರಾ ಅಂಡ್ ಮಹಮ್ಮದ್. ದೇಶ ಇಬ್ಭಾಗವಾದಾಗ ಗುಲಾಮ್ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಆ ದಶಕ ಮುಗಿಯುವ ಮೊದಲೇ ಮುಂಬಯಿಯ ಮಝಗಾಂವ್‌ನಲ್ಲಿ ಟೊಲೆಡೊದಿಂದ ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಜೋಡಿಸಿ ವಿಲ್ಲೀಸ್ ಜೀಪು ಹೊರಬಿಡುವ ಕೆಲಸ ಆರಂಭವಾಗಿತ್ತು.

ಅದೇ ಹೊತ್ತಿಗೆ ಸರ್ಕಾರವೂ ಜೀಪಿನ ಕೆಸರಲ್ಲಿ ಕಾಲಿಟ್ಟಿತು. ಕಾಶ್ಮೀರದ ಕದನ ನಡೆಯುತ್ತಿದ್ದಾಗ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೈನ್ಯಕ್ಕೆಂದು ಹಳೆ ಜೀಪುಗಳ ಖರೀದಿಗೆ ಒಪ್ಪಂದ ಮಾಡಿದರು. ಬಂದಿಳಿದ 155 ಜೀಪುಗಳು ಕೆಲಸಕ್ಕೆ ಬಾರದವಾಗಿದ್ದವು. ಸ್ವತಂತ್ರ ಭಾರತದ ಮೊದಲ ಹಗರಣ ಎಂದು ಹೆಸರಾದ ಈ ಪ್ರಕರಣವನ್ನು 1955ರಲ್ಲಿ ಸರ್ಕಾರ ಮುಚ್ಚಿತು; ಮರುವರ್ಷ ಮೆನನ್ ಕೇಂದ್ರ ಮಂತ್ರಿಯಾದರು.

ಮಹೀಂದ್ರಾ ಬಹುಕಾಲ ನೆಚ್ಚಿಕೊಂಡದ್ದು 1953ರಲ್ಲಿ ಟೊಲೆಡೊದಲ್ಲಿ ಬಂದ ಸಿಜೆ3ಬಿ ಮಾದರಿಯನ್ನು. ಅದರ ಬಾನೆಟ್ ಎದೆಯೆತ್ತರಕ್ಕೆ ಉಬ್ಬಿರುವುದಕ್ಕೆ ಅಂದಚೆಂದದ ಕಾರಣವೇನೂ ಇಲ್ಲ. ಹೊಸ ಎಂಜಿನ್ನಿನ ಇನ್‌ಟೇಕ್ ವಾಲ್ವುಗಳು ಮೇಲಕ್ಕೆ ಹೋದವು, ಎಂಜಿನ್ ಎತ್ತರವಾಯಿತು, ಮುಚ್ಚಲು ಬಾನೆಟ್ಟನ್ನೂ ಎತ್ತರಿಸಿದರು. ಅಮೆರಿಕದಲ್ಲಿ 1968ಕ್ಕೆ ಅದರ ಕಥೆ ಮುಗಿಯಿತು. ಜಪಾನಿನಲ್ಲಿ ಮಿತ್ಸುಬಿಷಿ, ಇಲ್ಲಿ ಮಹೀಂದ್ರಾ ಅದೇ ಮೂತಿಯನ್ನು ದಶಕಗಟ್ಟಲೆ ಎಳೆದುಕೊಂಡು ಬಂದವು.

ಮೂತಿ ಹಾಗೇ ಉಳಿದರೂ ಗುಂಡಿಗೆ ಉಳಿಯಲಿಲ್ಲ. ವಿಲ್ಲೀಸಿನ ಪೆಟ್ರೋಲ್ ಎಂಜಿನ್ ಕುಡಿತದಲ್ಲಿ ಧಾರಾಳಿ. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಅದನ್ನು ಸಾಕುವುದು ಸರ್ಕಾರಿ ಇಲಾಖೆಗಳಿಗೂ ಕಷ್ಟವಾಯಿತು. ಮಹೀಂದ್ರಾ 1963ರಿಂದಲೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಮಾಡುತ್ತಿತ್ತು. ಆ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನನ್ನೇ ತಂದು ಜೀಪಿಗೆ ಕೂರಿಸಿದರು. ಅಮೆರಿಕದ ಸೈನ್ಯ ಸಪ್ಪೆ ಎಂದು ಬಿಟ್ಟ ಉಪಾಯ ಇಲ್ಲಿ ಜೀಪಿನ ಆಯಸ್ಸು ಹೆಚ್ಚಿಸಿತು. ಸದ್ದು, ನಡುಕ ವಿಪರೀತ, ವೇಗ ಅಷ್ಟಕ್ಕಷ್ಟೆ. ಆದರೆ ಗದ್ದೆಯಲ್ಲಿ ಟ್ರ್ಯಾಕ್ಟರ್ ಬಿಚ್ಚಿ ಅಭ್ಯಾಸವಿದ್ದ ಹಳ್ಳಿ ಮೇಸ್ತ್ರಿಗೆ ಜೀಪಿನ ಎಂಜಿನ್ನೂ ಒಂದೇ ಏಟಿಗೆ ಪರಿಚಯವಾಯಿತು. ನನ್ನ ಪ್ರಕಾರ ಭಾರತದ ಜೀಪಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ. ಆಮೇಲೆ ಫ್ರಾನ್ಸಿನ ಪೆಜೋ ಕಂಪನಿಯ 2.1 ಲೀಟರ್ ಡೀಸೆಲ್ ಎಂಜಿನ್ ಬಂತು. 1980ರ ದಶಕದ ನಡುವಿನಲ್ಲಿ ಅದನ್ನು ಹೊತ್ತು ಬಂದ ಎಂಎಂ 540 ಹೆಸರು ಹೇಳಿದರೆ ಮಲೆನಾಡಿನಲ್ಲಿ ಈಗಲೂ ಜನ ಕುರ್ಚಿ ಎಳೆದುಕೊಂಡು ಮಾತಿಗೆ ಕೂರುತ್ತಾರೆ.

ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಾಫಿ ತೋಟಗಳಲ್ಲಿ ಜೀಪು ಯಾರಿಗೂ ಶೋಕಿಯಾಗಿರಲಿಲ್ಲ. ಬೆಳಗ್ಗೆ ಲೈನ್ ಮನೆಯಿಂದ ಆಳುಗಳನ್ನು ತುಂಬಿಕೊಂಡು ಹೋಗಬೇಕು, ಮಧ್ಯಾಹ್ನ ಗೊಬ್ಬರ, ಸಂಜೆ ಹಣ್ಣು ಕಾಫಿಯ ಚೀಲ, ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆ. ಹಿಂದಿನ ಅಡ್ಡ ಸೀಟಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬುದು ಆರ್‌ಸಿ ಬುಕ್ಕಿಗೆ ಸಂಬಂಧಪಟ್ಟ ವಿಷಯವೇ ಆಗಿರಲಿಲ್ಲ. ಕೊಲ್ಲೂರಿನಿಂದ ಕೊಡಚಾದ್ರಿ ಹತ್ತುವ ದಾರಿ, ಮಡಿಕೇರಿ ಬಳಿಯ ಮಾಂದಲಪಟ್ಟಿ ದಾರಿಯಲ್ಲಿ ಇವತ್ತಿಗೂ ಪ್ರವಾಸಿಗರನ್ನು ಹೊತ್ತು ಕುಲುಕಾಡುವುದು ಈ ಕುಲದ ಗಾಡಿಗಳೇ. ಆ ಡ್ರೈವರುಗಳು ಯಾವ ಬಂಡೆಯ ಮೇಲೆ ಯಾವ ಚಕ್ರ ಇಡಬೇಕೆಂದು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಹಳೆ ವಿಲ್ಲೀಸ್ ಮಾದರಿಯ ಕೆಳಗೆ ಬಗ್ಗಿ ನೋಡಿದರೆ ಹಿಂದಿನ ಡಿಫರೆನ್ಷಿಯಲ್ ಗುಂಡು ನಟ್ಟನಡುವೆ ಇರುವುದಿಲ್ಲ, ಬಲಕ್ಕೆ ಸರಿದಿರುತ್ತದೆ. ಹಾಗಾಗಿ ದಾರಿಯ ನಡುವಿನ ದಿಬ್ಬವನ್ನು ಗಾಡಿಯ ಯಾವ ಭಾಗದ ಕೆಳಗೆ ಬಿಡಬೇಕೆಂಬುದೂ ಒಂದು ವಿದ್ಯೆ.

ಗೇರ್ ಕಡ್ಡಿಯ ಪಕ್ಕದ ಗಿಡ್ಡ ಲಿವರುಗಳು ಹೊಸಬರಿಗೆ ಸದಾ ಕುತೂಹಲ. ಒಂದು ಮುಂದಿನ ಚಕ್ರಗಳಿಗೆ ಬಲ ಕೊಡುತ್ತದೆ, ಇನ್ನೊಂದು ಇಡೀ ಗಾಡಿಯನ್ನು ಲೋ ರೇಂಜಿಗೆ ಇಳಿಸುತ್ತದೆ. ಲೋ ಹಾಕಿ ಫಸ್ಟ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಗಾಡಿ ಆಕ್ಸಿಲರೇಟರ್ ಕೇಳದೆ ತಾನಾಗಿ ತೆವಳುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಕೆಲವು ಗಾಡಿಗಳಲ್ಲಿ ಕೆಸರಿಗಿಳಿದು ಮುಂದಿನ ಚಕ್ರದ ಹಬ್ಬನ್ನೂ ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಕೆಸರು ದಾಟಿ ಡಾಂಬರಿಗೆ ಬಂದ ಮೇಲೂ ಫೋರ್ ವೀಲ್ ತೆಗೆಯದಿದ್ದರೆ ಫಜೀತಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು, ನಡುವೆ ಆ ವ್ಯತ್ಯಾಸ ನುಂಗುವ ಏರ್ಪಾಟಿಲ್ಲ. ಮಣ್ಣಿನಲ್ಲಾದರೆ ಟೈರು ಜಾರಿ ಸರಿಹೋಗುತ್ತದೆ, ಡಾಂಬರಿನ ಮೇಲೆ ಶಾಫ್ಟುಗಳು ಬಿಗಿದುಕೊಂಡು ಲಿವರ್ ಕಚ್ಚಿಕೊಳ್ಳುತ್ತದೆ. ಆಗ ನಾಲ್ಕು ಅಡಿ ರಿವರ್ಸ್ ಬಂದರೆ ಟಕ್ ಎಂದು ಬಿಡುತ್ತದೆ.

ಹಳ್ಳ ದಾಟಿದ ದಿನ ಡ್ರಮ್ ಬ್ರೇಕುಗಳು ಕೆಲಸಕ್ಕೆ ಬರುವುದಿಲ್ಲ; ಪೆಡಲನ್ನು ಹಗುರವಾಗಿ ಒತ್ತಿಕೊಂಡೇ ಒಂದಷ್ಟು ದೂರ ಓಡಿಸಿ ಒಣಗಿಸಬೇಕು. ಮರುದಿನ ಆಕ್ಸಲ್ ಹೌಸಿಂಗಿನ ನಟ್ಟು ಬಿಚ್ಚಿ ಒಂದು ಹನಿ ಆಯಿಲ್ ಬೆರಳಿಗೆ ತಗೊಂಡು ನೋಡುತ್ತಾರೆ. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ, ಪೂರ್ತಿ ಬದಲಿಸಬೇಕು. ಸ್ಪ್ರಿಂಗ್ ಪಟ್ಟಾದ ಶಾಕಲ್‌ಗಳಿಗೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ತಪ್ಪದೆ ಗ್ರೀಸ್ ಹೊಡೆಯಬೇಕು. ಮಳೆಗಾಲದಲ್ಲಿ ಟಾರ್ಪಲ್ಲಿನ ಹೊಲಿಗೆಯಿಂದ ನೀರು ನೇರ ತೊಡೆಯ ಮೇಲೆ ಬೀಳುತ್ತದೆ, ಅದಕ್ಕೆ ಮದ್ದಿಲ್ಲ. ಮೂಡಿಗೆರೆ ಕಡೆಯ ಒಂದು ಶೆಡ್ಡಿನಲ್ಲಿ ಮೇಸ್ತ್ರಿಯೊಬ್ಬರು ಸವೆದ ಬುಷ್ ಒಂದನ್ನು ಅಂಗಡಿಯಲ್ಲಿ ಹುಡುಕುವ ಗೋಜಿಗೇ ಹೋಗದೆ, ಪಕ್ಕದ ಲೇತ್‌ನಲ್ಲಿ ಹಿತ್ತಾಳೆ ತುಂಡು ಕಡೆಸಿ, ಚಹಾ ಬರುವಷ್ಟರಲ್ಲಿ ಕೂರಿಸಿದ್ದನ್ನು ನೋಡಿದ್ದೇನೆ. ಕಂಪನಿ ಪಾರ್ಟ್‌ಗಿಂತ ಇದೇ ಬಾಳಿಕೆ ಎಂದರು. ಎಲ್ಲ ಮೇಸ್ತ್ರಿಗಳೂ ಹಾಗೇ ಹೇಳುತ್ತಾರೆ.

2010ರಲ್ಲಿ ಮಹೀಂದ್ರಾದ ಥಾರ್ ಬಂತು, ಕಾಮನ್ ರೈಲ್ ಡೀಸೆಲ್ಲಿನ ಜೊತೆ. 2020ರಲ್ಲಿ ಬಂದ ಎರಡನೇ ಥಾರ್‌ಗೆ ಗಟ್ಟಿ ಮಾಡು, ಟಚ್‌ಸ್ಕ್ರೀನ್, ಆಟೋಮ್ಯಾಟಿಕ್ ಗೇರ್, ಅಪಘಾತ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಎಲ್ಲ ಬಂದವು. ಅದರ ಮೊದಲ ಗಾಡಿ ಹರಾಜಿನಲ್ಲಿ 1.11 ಕೋಟಿ ರೂಪಾಯಿಗೆ ಹೋಯಿತು. 2023ರಲ್ಲಿ ಹಿಂದಿನ ಎರಡೇ ಚಕ್ರಕ್ಕೆ ಬಲವಿರುವ ಅಗ್ಗದ ಥಾರ್ ಕೂಡ ಬಂತು. ಹಳೇ ಮಂದಿ ಮೂಗು ಮುರಿದರು. ಅದರಲ್ಲಿ ಹೊಸದೇನಿಲ್ಲ, ಮಹೀಂದ್ರಾದ ಹಳೆ ಕಮಾಂಡರ್ ಮಾದರಿಯ ಕಾಲದಲ್ಲೂ ಟೂ ವೀಲ್ ಡ್ರೈವ್ ಜೀಪುಗಳು ಬೇಕಾದಷ್ಟಿದ್ದವು. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಂತ ಥಾರ್‌ಗಳಲ್ಲಿ ಹೆಚ್ಚಿನವು ಲೋ ರೇಂಜ್ ಕಂಡಿರಲಿಕ್ಕಿಲ್ಲ, ಅದೂ ಸರಿಯೇ. ಕುಟುಂಬ ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗಲು ಹೊಸ ಗಾಡಿಯೇ ಎಷ್ಟೋ ವಾಸಿ. ಕಳೆದುಹೋದದ್ದು ಬೇರೆ: ಈಗ ಎಚ್ಚರಿಕೆಯ ದೀಪ ಉರಿದು ಎಂಜಿನ್ ಕೈಕೊಟ್ಟರೆ ಮೊದಲು ಸ್ಕ್ಯಾನರ್ ಬೇಕು, ಆಮೇಲೆ ಸ್ಪ್ಯಾನರ್.

ಈ ನಡುವೆ ಒಂದು ತಮಾಷೆ ನಡೆಯಿತು. 2018ರಲ್ಲಿ ಮಹೀಂದ್ರಾ ಹಳೆ ಜೀಪಿನ ಗಾತ್ರದ, ರಸ್ತೆಗೆ ಹೊರತಾಗಿ ತೋಟ, ಕಾಡುಗಳಲ್ಲಿ ಓಡಿಸುವ ರಾಕ್ಸರ್ ಎಂಬ ಗಾಡಿಯನ್ನು ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಬಿಡಿಭಾಗಗಳ ಪೆಟ್ಟಿಗೆಗಳು ಈಗ ಭಾರತದಿಂದ ಅಮೆರಿಕಕ್ಕೆ ಹೋದವು. ಜೋಡಿಸಿದ್ದು ಮಿಶಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ. ಜೀಪಿನ ಆಗಿನ ಒಡೆಯರಾಗಿದ್ದ ಫಿಯೆಟ್ ಕ್ರೈಸ್ಲರ್‌ನ ಅಮೆರಿಕದ ಮುಖ್ಯ ಕಚೇರಿ ಇದ್ದದ್ದೂ ಅದೇ ಊರಿನಲ್ಲಿ. ಅವರು ಮೂತಿ ನಮ್ಮದು ಎಂದು ದೂರು ಕೊಟ್ಟರು. 2020ರ ಜೂನ್‌ನಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ರಾಕ್ಸರ್ ಆಮದನ್ನು ತಡೆಯಿತು. ಮೂತಿ ಬದಲಿಸಿದ ಮೇಲೆ ವರ್ಷದ ಕೊನೆಗೆ ಬಿಟ್ಟಿತು. ಬ್ಯಾಂಟಮ್ ನಕ್ಷೆ ಬರೆದು, ಫೋರ್ಡ್ ಅಚ್ಚೊತ್ತಿ, ವಿಲ್ಲೀಸ್ ಹೆಸರು ಹಾಕಿಕೊಂಡದ್ದರ ಒಡೆತನ ಕೈಯಿಂದ ಕೈಗೆ ದಾಟಿ ಬಂದ ಬಗೆ ತಿಳಿದವರಿಗೆ ಇದು ನಗು ತರಿಸುವಂಥದ್ದೇ. ಇನ್ನೂ ತಮಾಷೆಯೆಂದರೆ, ಭಾರತಕ್ಕೆ ಜೀಪ್ ಬ್ರ್ಯಾಂಡ್ ಅಧಿಕೃತವಾಗಿ ಕಾಲಿಟ್ಟದ್ದೇ 2016ರಲ್ಲಿ!

ಇಷ್ಟಾದರೂ ಹಳೆ ಎಂಎಂ 540ಕ್ಕೆ ಗಿರಾಕಿಗಳಿದ್ದಾರೆ. ಕೊಳ್ಳಹೋಗುವವರು ಹೊಸ ಬಣ್ಣ, ದಪ್ಪ ಟೈರು ನೋಡಿ ಮರುಳಾಗಬಾರದು. ತಿಳಿದವರು ಮೊದಲು ಚಾಪೆ ಹಾಸಿ ಗಾಡಿಯ ಕೆಳಗೆ ಮಲಗುತ್ತಾರೆ. ಚಾಸಿಯ ಮೇಲೆ ಪಟ್ಟಾ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್‌ನಿಂದ ಕುಟ್ಟಿದಾಗ ಟಣ್ ಎನ್ನಬೇಕು, ಪುಡಿ ಉದುರಬಾರದು. ಲೋ ಹಾಕಿ ದಿಣ್ಣೆ ಹತ್ತಿಸುವಾಗ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯಬಾರದು. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ನೋಂದಣಿ ನವೀಕರಣ ಆಗಿದೆಯೇ ಎಂದು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಬಾನೆಟ್ ಕೆಳಗಿದೆ. ಎಂಜಿನ್ ಮೇಲಿನ ನಂಬರಿಗೆ ಅಂಟಿದ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಒಂದೊಂದೇ ಅಂಕಿಯನ್ನು ಆರ್‌ಸಿ ಬುಕ್ಕಿನ ಜೊತೆ ತಾಳೆ ನೋಡಬೇಕು. ಮೂವತ್ತು ವರ್ಷದಲ್ಲಿ ಯಾವುದಾದರೊಂದು ಶೆಡ್ಡಿನಲ್ಲಿ ಅದರ ಎಂಜಿನ್ ಬದಲಾಗಿರುವ ಸಂಭವವಿದೆ. ಬದಲಾದದ್ದನ್ನು ಆರ್‌ಟಿಒದಲ್ಲಿ ನಮೂದಿಸಿರದಿದ್ದರೆ, ಗಾಡಿ ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಮುಂಗಡ ಕೊಡುವ ಮೊದಲು ಅದನ್ನು ಮಾರುವವರಿಂದಲೇ ಸರಿಮಾಡಿಸಿಕೊಳ್ಳುವುದು ಮೇಲು.