ಅಂಗಳದ ಹೊಂಡ: ಹೂಳಿಗೆ ಮೊದಲು ಒಳಹರಿವು

ಹುಬ್ಬಳ್ಳಿಗೆ ಅಡಿಕೆ ವ್ಯವಹಾರಕ್ಕೋ ಆಸ್ಪತ್ರೆಗೋ ಹೋದಾಗ ಶ್ರೀ ಸಿದ್ಧಾರೂಢ ಮಠದಲ್ಲಿ ತಂಗಿ ಬಂದವರು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಅಲ್ಲಿಯ ಹೊಂಡವನ್ನೂ ಅವರು ನೋಡಿರುತ್ತಾರೆ. ೧೯೨೯ರಲ್ಲಿ ಸಮಾಧಿಸ್ಥರಾದ ಸಿದ್ಧಾರೂಢರ ಪುಣ್ಯತಿಥಿಯ ಅಂಗವಾಗಿ ಶ್ರಾವಣದಲ್ಲಿ ಆ ನೀರಿನಲ್ಲಿ ಜಲರಥೋತ್ಸವ ನಡೆಯುತ್ತದೆ. ತೇರು ತೇಲಬೇಕಾದ್ದರಿಂದ ವರ್ಷಕ್ಕೊಮ್ಮೆಯಾದರೂ ಹೊಂಡದ ಕಡೆ ನಾಲ್ಕು ಜನರ ಕಣ್ಣು ಹೋಗುತ್ತದೆ. ಅದೇ ಊರಿನ ಧಾರವಾಡ ರಸ್ತೆಯಲ್ಲಿರುವ ಉಣಕಲ್ ಕೆರೆಯ ಕಥೆ ಬೇರೆ. ಬಡಾವಣೆಗಳ ಕೊಳಚೆ ಸೇರಿ ನೀಲಿ ಹೂವಿನ ಅಂತರಗಂಗೆ ಹಬ್ಬಿತು. ಹಲವು ಸಲ ತೆಗೆಸಿದರೂ ಮತ್ತೆ ಮತ್ತೆ ಬಂತು.

ಈಗ ನಮ್ಮ ಕಡೆಯೂ ತೋಟದ ಮನೆಯಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವವರು ಹೆಚ್ಚಿದ್ದಾರೆ. ಅಂಗಳದ ಹಳೆಯ ಹೊಂಡವನ್ನು ಸರಿಪಡಿಸಬೇಕೆಂಬ ಆಸೆ ಅವರಿಗೆ ಸಹಜ. ಆದರೆ ಕೆಲಸವನ್ನು ಹೂಳಿನಿಂದ ಆರಂಭಿಸಬಾರದು. ಹೊಂಡಕ್ಕೆ ಏನೇನು ಹರಿದು ಬರುತ್ತಿದೆ ಎಂಬುದನ್ನು ಒಂದು ಮಳೆಯ ದಿನ ಕೊಡೆ ಹಿಡಿದು ನಿಂತು ನೋಡಬೇಕು. ಬಚ್ಚಲ ನೀರು, ಕೊಟ್ಟಿಗೆಯ ಗಂಜಲ, ಅತಿಥಿಗಳ ಕೋಣೆಯ ಚರಂಡಿ, ಇವೆಲ್ಲ ಅಂತರಗಂಗೆಗೆ ಗೊಬ್ಬರವೇ. ಅನುಕೂಲ ಸಿಕ್ಕರೆ ಈ ಗಿಡ ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ. ಬೀಜ ಕೆಸರಿನಲ್ಲಿ ಹದಿನೈದು ವರ್ಷಕ್ಕೂ ಮಿಕ್ಕಿ ಜೀವದಿಂದಿರುತ್ತದೆ. ಇದನ್ನು ತಿನ್ನುವ ಮೂತಿಹುಳುವನ್ನು ೧೯೮೨ರಲ್ಲಿ ನಮ್ಮ ದೇಶಕ್ಕೆ ತರಿಸಿ, ಮುಂದೆ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ದೊಡ್ಡ ಕೆರೆಗೆ ಅದು ಸರಿ. ಅಂಗಳದ ಹೊಂಡಕ್ಕೆ ಕೈಯಿಂದ ಬೇರುಸಹಿತ ಎಳೆದು, ದಡದಿಂದ ದೂರ ಒಣಗಿಸುವುದೇ ಮೇಲು.

ಕಾಫಿ ಬೆಳೆಗಾರರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಪಲ್ಪಿಂಗ್ ನೀರು ಬಚ್ಚಲ ನೀರಿಗಿಂತ ಹತ್ತಾರು ಪಟ್ಟು ಕೆಟ್ಟದ್ದು. ಅದರಲ್ಲಿರುವ ಸಕ್ಕರೆ ಮತ್ತು ಲೋಳೆ ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಬಿಡುತ್ತವೆ. ಬೆಳಗಾಗುವುದರೊಳಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತವೆ. ಕೆಳಗಿನ ಬಾವಿಗೂ ಅದೇ ವಾಸನೆ ಇಳಿಯಬಹುದು. ಆ ನೀರು ಹೊಂಡದ ದಾರಿಯನ್ನು ತುಳಿಯಲೇಬಾರದು.

ಒಳಹರಿವು ಶುದ್ಧವಾದ ಮೇಲೆ ಹೂಳು. ಒಂದು ಗುಂಟೆಯ ಹೊಂಡದಲ್ಲಿ ಒಂದಡಿ ಹೂಳೆಂದರೆ ೧,೦೮೯ ಘನ ಅಡಿ. ಒಂದು ಟ್ರೇಲರಿಗೆ ನೂರು ಘನ ಅಡಿ ಎಂದು ಹಿಡಿದರೂ ಹನ್ನೊಂದು ಲೋಡು. ಕೊಳಚೆ ಸೇರದ ಹೊಂಡದ ಮಣ್ಣಾದರೆ ಅಡಿಕೆ ಬುಡಕ್ಕೆ ಹಾಕಲು ಯೋಗ್ಯ. ಪೇಟೆಯ ಚರಂಡಿ ಕಂಡ ಕೆರೆಯ ಹೂಳನ್ನು ಪುಕ್ಕಟೆ ಕೊಟ್ಟರೂ ತೋಟಕ್ಕೆ ತರಬೇಡಿ.

ಎಷ್ಟು ಆಳ ತೆಗೆಯಬೇಕು? ಇಲ್ಲಿ ನನ್ನದೇ ತಪ್ಪನ್ನು ಹೇಳುತ್ತೇನೆ. ಯಂತ್ರ ಹೇಗೂ ಬಂದಿದೆ, ಇನ್ನೆರಡು ಅಡಿ ಹೋಗಲಿ ಎಂದು ನಮ್ಮ ಮನೆಯ ಹೊಂಡದ ತಳ ತೋಡಿಸಿದೆ. ತಳದ ಜಿಗುಟು ಮಣ್ಣೆಲ್ಲ ಹೋಗಿ ಜಂಬಿಟ್ಟಿಗೆ ಬಾಯಿ ತೆರೆಯಿತು. ಯುಗಾದಿಯವರೆಗೆ ನಿಲ್ಲುತ್ತಿದ್ದ ನೀರು ಆ ವರ್ಷ ಸಂಕ್ರಾಂತಿಗೆ ಮುಗಿಯಿತು. ಹುಬ್ಬಳ್ಳಿಯ ಪೂರ್ವಕ್ಕಿರುವ ಎರೆ ಭೂಮಿ ನೀರನ್ನು ತಾನೇ ಹಿಡಿದುಕೊಳ್ಳುತ್ತದೆ. ನಮ್ಮ ಜಂಬಿಟ್ಟಿಗೆಗೆ ಆ ಗುಣವಿಲ್ಲ. ಕೊನೆಗೆ ಗದ್ದೆಯ ಜೇಡಿಮಣ್ಣು ತಂದು, ಅರ್ಧ ಅಡಿಯಂತೆ ಎರಡು ಪದರ ಹರಡಿ, ನೀರು ಚಿಮುಕಿಸಿ ದಮ್ಮಸು ಹೊಡೆಸಬೇಕಾಯಿತು. ತೋಡಿಸಿದ ಖರ್ಚಿಗಿಂತ ಮುಚ್ಚಿಸಿದ ಖರ್ಚೇ ಜಾಸ್ತಿ! ಹೂಳು ಮೆತ್ತಗೆ, ಕಪ್ಪಗೆ ಇರುತ್ತದೆ. ಗುದ್ದಲಿಗೆ ಬಿಗಿಯಾದ ಜೇಡಿ ಸಿಕ್ಕಿದೊಡನೆ ನಿಲ್ಲಿಸಿ.

ಬೇಸಿಗೆಯಲ್ಲಿ ದಿನಕ್ಕೆ ಆರು ಮಿಲಿಮೀಟರ್ ಆವಿಯಾದರೂ ತೊಂಬತ್ತು ದಿನಕ್ಕೆ ಸುಮಾರು ೫೪ ಸೆಂಟಿಮೀಟರ್, ಅಂದರೆ ಒಂದೂಮುಕ್ಕಾಲು ಅಡಿ. ಇದಕ್ಕಿಂತ ಬೇಗ ಇಳಿದರೆ ಸೋರಿಕೆಯಿದೆಯೆಂದು ತಿಳಿಯಬೇಕು. ಒಂದು ಕೋಲಿಗೆ ಗುರುತು ಮಾಡಿ ನೆಟ್ಟರೆ ಸಾಕು.

ಹೂಳೆತ್ತುವ ಕೆಲಸ ಮೇ ಮೊದಲ ವಾರದೊಳಗೆ ಮುಗಿಯಲಿ. ನೀರು ಬರುವ ಬಾಯಿಯಲ್ಲಿ ಎರಡಡಿ ಆಳದ ಒಂದು ಹೂಳುಗುಂಡಿ ಇರಲಿ. ಮಳೆಗಾಲದಲ್ಲಿ ಅದನ್ನು ಎರಡು ಮೂರು ಸಲ ಬಳಿದರೆ ಹೊಂಡದ ಹೂಳೆತ್ತುವ ಸರದಿ ಎಷ್ಟೋ ವರ್ಷ ಮುಂದೆ ಹೋಗುತ್ತದೆ. ದಡದಲ್ಲಿ ಲಾವಂಚ ನೆಡಿ. ಅತಿಥಿಗಳ ಮಕ್ಕಳಿಗೆ ಹೊಂಡದ ಆಳ ತಿಳಿದಿರುವುದಿಲ್ಲ. ಆದ್ದರಿಂದ ಸುತ್ತ ಬೇಲಿ, ಒಂದೇ ಕಡೆ ಬಾಗಿಲು, ನೀರಿಗಿಳಿಯಲು ಅಗಲವಾದ ಮೆಟ್ಟಿಲು, ಕೈಗೆಟುಕುವಲ್ಲಿ ಒಂದು ಉದ್ದನೆಯ ಹಗ್ಗ, ಇಷ್ಟನ್ನು ಮೊದಲ ಅತಿಥಿ ಬರುವ ಮುನ್ನವೇ ಮಾಡಿಸಿಡಿ.