ಬಿಳಗಿಯ ಜ್ವರ, ಐಸಿಯುವಿನ ಅಂಕಿ

ಭಾದ್ರಪದದಲ್ಲಿ ಬಿಳಗಿಯ ಮಳೆಗೆ ಆಷಾಢದ ಸಿಟ್ಟು ಇರುವುದಿಲ್ಲ. ಬಂದು, ನಿಂತು, ಮತ್ತೆ ಜಿಟಿಜಿಟಿ ಹಿಡಿಯುತ್ತದೆ. ರತ್ನತ್ರಯ ಬಸದಿಯ ಕಲ್ಲಿಗೆ ಪಾಚಿ ಅಂಟಿರುತ್ತದೆ. ಒಂದು ಕಾಲಕ್ಕೆ ಶ್ವೇತಪುರವೆನಿಸಿಕೊಂಡು ಅರಸರಿಗೆ ರಾಜಧಾನಿಯಾಗಿದ್ದ ಊರು ಈಗ ಸಿದ್ದಾಪುರ ತಾಲೂಕಿನ ಹಳ್ಳಿ. ಸುತ್ತ ಅಡಿಕೆ ತೋಟ, ಗದ್ದೆ, ಬೇಣ, ಸೊಪ್ಪಿನ ಬೆಟ್ಟ. ಕೊಳೆ ಔಷಧಿ ಹೊಡೆಯುವವರು ಬಿಸಿಲು ಕಾಣುವ ಗಳಿಗೆಗಾಗಿ ಆಕಾಶ ನೋಡುತ್ತಿರುತ್ತಾರೆ. ತೋಟದ ಕಾದಿಗೆಯಲ್ಲಿ ಬರಿಗಾಲು, ಗದ್ದೆಯ ಕೆಸರಿನಲ್ಲಿ ಮೊಣಕಾಲು, ಬೆಟ್ಟದ ಹುಲ್ಲಿನಲ್ಲಿ ಕತ್ತಿ ಹಿಡಿದ ಕೈ. ಈ ಮೂರರಲ್ಲಿ ಎಲ್ಲಿಂದ ಬೇಕಾದರೂ ಜ್ವರ ಮನೆಗೆ ಬಂದೀತು.

ಬರುವ ರೀತಿಯೂ ಈ ಸೀಮೆಯವರಿಗೆ ಪರಿಚಿತವೇ. ಮೊದಲ ದಿನ ಕಷಾಯ, ಎರಡನೆಯ ದಿನ ಪ್ಯಾರಾಸಿಟಮಾಲ್, ಮೂರನೆಯ ದಿನ ಸಿದ್ದಾಪುರದ ಡಾಕ್ಟರು. ಹೆಚ್ಚಿನ ಜ್ವರ ಅಲ್ಲಿಗೇ ಇಳಿಯುತ್ತದೆ. ಇಳಿಯದ ಒಂದು ರಾತ್ರಿ ಮನೆಯ ಹಿರಿಯನ ಉಸಿರು ಬಿರುಸಾಗುತ್ತದೆ, ಉಚ್ಚೆ ಕಟ್ಟುತ್ತದೆ, ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಆಗ ಜಗುಲಿಯಿಂದ ಫೋನು ಹೋಗುತ್ತದೆ: "ಭಾವ, ಅಪ್ಪಯ್ಯಂಗೆ ಜ್ವರ ಇಳೀತಾ ಇಲ್ಲೆ. ಮಾತೂ ತಪ್ಪಿ ಬತ್ತಾ ಇದ್ದು. ಕಾರು ತಗಂಡು ಬಾ." ಈ ಅಪ್ಪಯ್ಯ ಯಾವುದೋ ಒಂದು ಮನೆಯವರಲ್ಲ. ಸಿದ್ದಾಪುರ, ಶಿರಸಿ, ಯಲ್ಲಾಪುರದ ಯಾವ ಮನೆಯಲ್ಲಾದರೂ ಇದ್ದಾರು.

ಕಾರು ಸಿದ್ದಾಪುರ ದಾಟಿ, ತಾಳಗುಪ್ಪ, ಸಾಗರ, ಆನಂದಪುರ ಹಾಯ್ದು ಶಿವಮೊಗ್ಗ ಮುಟ್ಟುವ ಹೊತ್ತಿಗೆ ನೂರು ಕಿಲೋಮೀಟರು ಮೀರಿರುತ್ತದೆ. ಇಲ್ಲವಾದರೆ ಹುಬ್ಬಳ್ಳಿ, ಅದೂ ಇಲ್ಲವಾದರೆ ಘಟ್ಟ ಇಳಿದು ಮಣಿಪಾಲ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ದೊಡ್ಡಾಸ್ಪತ್ರೆ ಬೇಕೆಂಬ ಕೂಗು ಹಳೆಯದು. 2022ರ ಜುಲೈನಲ್ಲಿ ಹೊನ್ನಾವರದಿಂದ ಉಡುಪಿಯ ಕಡೆ ಹೊರಟ ಆಂಬುಲೆನ್ಸು ಶಿರೂರು ಟೋಲಿನಲ್ಲಿ ಮಗುಚಿ ನಾಲ್ವರು ತೀರಿಕೊಂಡಾಗ ಅದು ಇನ್ನಷ್ಟು ಗಟ್ಟಿಯಾಯಿತು. ನಂಜೇರಿದ ರೋಗಿಗೆ ಗಂಟೆಗಂಟೆಯೂ ಲೆಕ್ಕ. ಆ ಗಂಟೆಗಳನ್ನು ಇಲ್ಲಿಯವರು ರಸ್ತೆಯ ಮೇಲೆ ಕಳೆಯುತ್ತಾರೆ.

ಐಸಿಯುವಿನ ಬಾಗಿಲು ತೆರೆದೊಡನೆ ಮಾತು ಕಡಿಮೆ, ಕೈ ಚುರುಕು. ಬೆರಳಿಗೆ ಆಮ್ಲಜನಕದ ಕ್ಲಿಪ್ಪು, ತೋಳಿಗೆ ಬಿಪಿ ಪಟ್ಟಿ, ಮೊಣಕೈ ಮಡಿಕೆಯಲ್ಲಿ ಸೂಜಿ. ಮಣಿಕಟ್ಟಿನ ಧಮನಿಯಿಂದ ತೆಗೆದ ಸ್ವಲ್ಪ ರಕ್ತ ಅಲ್ಲೇ ಮೂಲೆಯ ಯಂತ್ರಕ್ಕೆ ಹೋಗಿ ಕೆಲವೇ ನಿಮಿಷದಲ್ಲಿ ಲ್ಯಾಕ್ಟೇಟ್ ಎಷ್ಟೆಂದು ಹೇಳುತ್ತದೆ. ಎರಡು ಮಿಲಿಮೋಲ್ ದಾಟಿದ್ದರೆ ಡಾಕ್ಟರ ಹುಬ್ಬು ಗಂಟಾಗುತ್ತದೆ. ನೇರಳೆ ಮುಚ್ಚಳದ ಕೊಳವೆ ರಕ್ತಕಣ ಎಣಿಸಲು. ಇನ್ನೊಂದು ಕೊಳವೆ ಮೂತ್ರಪಿಂಡ, ಯಕೃತ್ತು, ಸಿಆರ್‌ಪಿ, ಪ್ರೊಕ್ಯಾಲ್ಸಿಟೋನಿನ್‌ಗಳಿಗೆ. ಕಲ್ಚರಿನ ಬಾಟಲಿಗಳಿಗೆ ಎಂಟರಿಂದ ಹತ್ತು ಮಿಲಿಲೀಟರಿನಂತೆ ರಕ್ತ, ಅದೂ ಆಂಟಿಬಯಾಟಿಕ್ ಹೋಗುವ ಮೊದಲೇ. ಬಾಟಲಿಯಲ್ಲಿ ರೋಗಾಣು ಬೆಳೆದು ತಾನು ಯಾರೆಂದು ತೋರಿಸಲು ಒಂದೆರಡು ದಿನ ಬೇಕು. ಎಷ್ಟೋ ಸಲ ಐದು ದಿನ ಕಾದರೂ ಏನೂ ಬೆಳೆಯುವುದಿಲ್ಲ. ಅಷ್ಟು ದಿನ ಅಪ್ಪಯ್ಯ ಕಾಯಲಾರರು.

ಹಾಗಾಗಿ ವೈದ್ಯಲೋಕಕ್ಕೆ ಒಂದು ಆಸೆ: ರಕ್ತದಲ್ಲೇ ಇರುವ ಯಾವುದಾದರೂ ವಸ್ತು ಏರಿದ್ದನ್ನು ನೋಡಿ ಇದು ಸೆಪ್ಸಿಸ್, ಅಂದರೆ ನಂಜೇರಿದ್ದು, ಹೌದೋ ಅಲ್ಲವೋ ಎಂದು ಗಂಟೆಯೊಳಗೆ ಹೇಳುವಂತಿದ್ದರೆ!

ಆಸೆಯ ಮೊದಲ ಕುರುಹು ಸಿಕ್ಕಿದ್ದು 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ. ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ಪ್ರೋಟೀನೇ ಇಂದಿನ ಸಿಆರ್‌ಪಿ. ಅಗ್ಗದ ಪರೀಕ್ಷೆ, ತಾಲೂಕಿನ ಲ್ಯಾಬಿನಲ್ಲೂ ಆಗುತ್ತದೆ. ಆದರೆ ಅದು ಮನೆಯ ನಾಯಿಯ ಹಾಗೆ: ಕಳ್ಳ ಬಂದರೂ ಬೊಗಳುತ್ತದೆ, ನೆಂಟ ಬಂದರೂ ಬೊಗಳುತ್ತದೆ. ಗಾಯವಾಗಲಿ, ಸಂಧಿವಾತವಾಗಲಿ, ಶಸ್ತ್ರಕ್ರಿಯೆಯಾಗಲಿ, ಎಲ್ಲದಕ್ಕೂ ಏರುತ್ತದೆ. 1993ರಲ್ಲಿ ಫ್ರಾನ್ಸಿನ ಸಂಶೋಧಕರು ಪ್ರೊಕ್ಯಾಲ್ಸಿಟೋನಿನ್ (ಪಿಸಿಟಿ) ಕಡೆ ಬೆರಳು ತೋರಿಸಿದರು. ಸುಮ್ಮನಿದ್ದಾಗ ಇದು ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟಿ ಅಲ್ಲೇ ಬೇರೆ ಹಾರ್ಮೋನಾಗಿ ಮುಗಿದುಹೋಗುತ್ತದೆ. ರಕ್ತಕ್ಕೆ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಕ್ಟೀರಿಯಾ ಮೈತುಂಬ ಹರಡಿದರೆ ಯಕೃತ್ತು, ಶ್ವಾಸಕೋಶ, ಕರುಳು, ಎಲ್ಲವೂ ಇದನ್ನು ಸುರಿಸತೊಡಗುತ್ತವೆ. ಕೆಲವೇ ಗಂಟೆಯಲ್ಲಿ ಏರುತ್ತದೆ, ಸೋಂಕು ಹಿಡಿತಕ್ಕೆ ಬಂದರೆ ದಿನಕ್ಕೆ ಸುಮಾರು ಅರ್ಧದಂತೆ ಇಳಿಯುತ್ತದೆ. ವೈರಸ್ ಸೋಂಕಿನಲ್ಲಿ ಅಷ್ಟಾಗಿ ಏರದು. ಐಸಿಯುಗಳು ಇದನ್ನು ಬಿಗಿಯಾಗಿ ಹಿಡಿದುಕೊಂಡದ್ದು ಈ ಗುಣಕ್ಕೆ.

ಆದರೂ ಇದು ತೀರ್ಪು ಕೊಡುವಷ್ಟು ಗಟ್ಟಿಯಲ್ಲ. 2013ರಲ್ಲಿ 30 ಅಧ್ಯಯನಗಳ 3,244 ರೋಗಿಗಳ ಲೆಕ್ಕ ಒಟ್ಟು ಮಾಡಿ ನೋಡಿದಾಗ ಸೆಪ್ಸಿಸ್ ಇದ್ದ ನೂರು ಮಂದಿಯಲ್ಲಿ 77 ಮಂದಿಯನ್ನು ಪ್ರೊಕ್ಯಾಲ್ಸಿಟೋನಿನ್ ಹಿಡಿದಿತ್ತು. ಉಳಿದವರು ಅದರ ಕಣ್ಣು ತಪ್ಪಿಸಿದ್ದರು. ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ವಸ್ತುವಿನ ಗತಿ ಇನ್ನೂ ಸಪ್ಪೆ. 2019ರ ಕಾಕ್ರೇನ್ ಪರಿಶೀಲನೆಯ ಲೆಕ್ಕವನ್ನು ಹಾಸಿಗೆಗಳ ಸಾಲಾಗಿ ಕಲ್ಪಿಸಿಕೊಳ್ಳಿ. ಸಾವಿರ ಹಾಸಿಗೆ, ಅರ್ಧದಷ್ಟು ಜನಕ್ಕೆ ಸೆಪ್ಸಿಸ್. ಈ ಪರೀಕ್ಷೆಯೊಂದನ್ನೇ ನಂಬಿದರೆ 330 ಮಂದಿಗೆ ಸರಿಯಾದ ಔಷಧಿ ಹೊತ್ತಿಗೆ ಸಿಗುತ್ತದೆ, 130 ಮಂದಿಗೆ ಸುಮ್ಮನೆ ಆಂಟಿಬಯಾಟಿಕ್ ಹೋಗುತ್ತದೆ, ಇನ್ನು 170 ಮಂದಿ ಕಾಯಿಲೆ ಇದ್ದೂ ಇಲ್ಲವೆನಿಸಿಕೊಳ್ಳುತ್ತಾರೆ. ಆ 170ರಲ್ಲಿ ನಮ್ಮ ಅಪ್ಪಯ್ಯ ಇದ್ದರೆ? ಸೆಪ್ಸಿಸ್‌ಗೆ ಸೂಚಕವೆಂದು 250ಕ್ಕೂ ಹೆಚ್ಚು ವಸ್ತುಗಳನ್ನು ವಿಜ್ಞಾನಿಗಳು ಪರಿಶೀಲಿಸಿದ್ದಾರೆ. ಇಷ್ಟೊಂದು ಇವೆ ಎಂಬುದೇ ಒಂದೂ ಸಾಲದು ಎಂಬುದಕ್ಕೆ ಸಾಕ್ಷಿ ಎಂದು ನನ್ನ ಅನಿಸಿಕೆ. ಕಾರಣವೂ ಇದೆ. ಸೆಪ್ಸಿಸ್ ಎಂದರೆ ಬರೀ ರೋಗಾಣುವಲ್ಲ. ಸೋಂಕಿಗೆ ಎದುರು ನಿಂತ ದೇಹವೇ ಹದ ತಪ್ಪಿ ತನ್ನ ಅಂಗಗಳನ್ನು ಕೆಡಿಸಿಕೊಳ್ಳುವುದು ಎಂದು 2016ರಿಂದ ವೈದ್ಯರು ಒಪ್ಪಿದ್ದಾರೆ. ಆ ಗೊಂದಲ ಒಬ್ಬೊಬ್ಬರಲ್ಲಿ ಒಂದೊಂದು ತೆರ.

ಮಲೆನಾಡಿನಲ್ಲಂತೂ ಅಂಕಿಗೆ ಇನ್ನೊಂದು ತೊಡಕು. ಪ್ರೊಕ್ಯಾಲ್ಸಿಟೋನಿನ್ ಏರಿದೆ ಎಂದುಕೊಳ್ಳೋಣ. ಯಾವುದಕ್ಕೆ ಏರಿತು? ಹುಲ್ಲಿನಲ್ಲಿನ ಸಣ್ಣ ಹುಳದ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲೂ ಅದು ಏರಬಹುದು. ಐಸಿಯುವಿನ ದುಬಾರಿ ಮೆರೊಪೆನೆಮ್ ಅದಕ್ಕೆ ತಾಗುವುದಿಲ್ಲ, ಅಗ್ಗದ ಡಾಕ್ಸಿಸೈಕ್ಲಿನ್ ತಾಗುತ್ತದೆ. ಕಂಕುಳಲ್ಲೋ ತೊಡೆಸಂದಿಯಲ್ಲೋ ಅಡಗಿದ ಕಪ್ಪು ಹಕ್ಕಳೆಯನ್ನು ಬಟ್ಟೆ ಸರಿಸಿ ನೋಡಿದವರಿಗೇ ಆ ಗುಟ್ಟು ಸಿಗುವುದು. ಇಲಿಜ್ವರ ಗದ್ದೆ ನೀರಿನದು. ಕೆಸರು ಮಣ್ಣಿನಲ್ಲಿರುವ ಮೆಲಿಯಾಯ್ಡೋಸಿಸ್ ರೋಗಾಣು ಮಳೆಗಾಲದಲ್ಲಿ ಸಕ್ಕರೆ ಕಾಯಿಲೆಯವರನ್ನು ಹುಡುಕಿಕೊಂಡು ಬರುತ್ತದೆ, ಕ್ಷಯದ ವೇಷವನ್ನೂ ಹಾಕುತ್ತದೆ. ಅದಕ್ಕೆ ಎಲ್ಲರಿಗೂ ಮೊದಲು ಕೊಡುವ ಸೆಫ್ಟ್ರಿಯಾಕ್ಸೋನ್ ನೆಚ್ಚಿಕೆಯದಲ್ಲ. ಮಣಿಪಾಲದ ವೈದ್ಯರು ಈ ಕಾಯಿಲೆಯ ಬೆನ್ನು ಹತ್ತಿ ಬಹಳ ಕೆಲಸ ಮಾಡಿದ್ದಾರೆ. ಇನ್ನು ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಆ ವೈರಸ್ 2024ರಲ್ಲೂ ಸಿದ್ದಾಪುರ ತಾಲೂಕನ್ನು ಕಾಡಿತು. ಆದರೆ ಅದರ ಹಂಗಾಮು ಬೇಸಿಗೆಯದು, ಉಣುಗಿನದು. ಆಂಟಿಬಯಾಟಿಕ್ ಅದಕ್ಕೆ ಏನೂ ಮಾಡದು. ಯಾವ ತಿಂಗಳು, ಯಾವ ಬೆಟ್ಟ, ಯಾವ ಗದ್ದೆ ಎಂಬುದನ್ನು ಯಂತ್ರ ಕೇಳುವುದಿಲ್ಲ.

ಹಾಗಾದರೆ ಈ ಅಂಕಿಯಿಂದ ಪ್ರಯೋಜನವೇ ಇಲ್ಲವೆ? ಇದೆ, ಆದರೆ ನಾವೆಣಿಸಿದ ಕಡೆಯಲ್ಲಲ್ಲ. ಚಿಕಿತ್ಸೆ ಯಾವಾಗ ಶುರುಮಾಡಬೇಕೆಂಬುದಕ್ಕೆ ಪ್ರೊಕ್ಯಾಲ್ಸಿಟೋನಿನ್ ಕಾಯುತ್ತ ಕೂರಬೇಡಿ ಎನ್ನುತ್ತದೆ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಬಿಪಿ ಕುಸಿದವನಿಗೆ ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಬೇಕು, ಅಷ್ಟೆ. ನಿಲ್ಲಿಸುವುದು ಯಾವಾಗ ಎಂಬಲ್ಲಿ ಈ ಅಂಕಿ ಉಪಕಾರಿ. 2024ರ ಡಿಸೆಂಬರಿನಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ 41 ಐಸಿಯುಗಳ 2,760 ರೋಗಿಗಳಿದ್ದರು. ದಿನಾ ಪ್ರೊಕ್ಯಾಲ್ಸಿಟೋನಿನ್ ನೋಡಿ ನಡೆದಾಗ, ಸಾವು ಹೆಚ್ಚದೆಯೇ, ಆಂಟಿಬಯಾಟಿಕ್ ಸರಾಸರಿ ಒಂದು ದಿನದ ಹತ್ತಿರ ಕಡಿಮೆಯಾಯಿತು. ಸಿಆರ್‌ಪಿ ನೋಡಿ ನಡೆದವರಲ್ಲಿ ಹಾಗಾಗಲಿಲ್ಲ. ಒಂದು ದಿನ ತಾನೇ ಎನ್ನಬೇಡಿ. ಐಸಿಯುವಿನ ಔಷಧಿಯ ಬಿಲ್ಲು ನೋಡಿದ ಬಿಳಗಿಯ ಮನೆಗೆ ಅದರ ಬೆಲೆ ಗೊತ್ತು. ಔಷಧಿಗೆ ಬಗ್ಗದ ರೋಗಾಣು ಬೆಳೆಯದಂತೆ ತಡೆಯುವುದು ಬೇರೆ ಲಾಭ.

ಐಸಿಯುವಿನ ಹೊರಗಿನ ಬೆಂಚಿನಲ್ಲಿ ಮಗ ಕೂತಿರುತ್ತಾನೆ. ನರ್ಸ್ ಬಂದು "ರಿಪೋರ್ಟ್ ಬಂತು, ಪಿಸಿಟಿ ಹನ್ನೆರಡು" ಎಂದರೆ ಅವನಿಗೆ ಅದೊಂದೇ ಹಿಡಿದುಕೊಳ್ಳಲು ಸಿಕ್ಕ ಮಾತು. ಊರಿಗೆ ಫೋನು ಮಾಡಿ ಎಲ್ಲರಿಗೂ ಹನ್ನೆರಡು ಎನ್ನುತ್ತಾನೆ. ಡಾಕ್ಟರು ಕೇಳುವುದು ಬೇರೆಯೇ: ಯಾವಾಗಿನಿಂದ ಉಚ್ಚೆ ಇಲ್ಲ, ಸಕ್ಕರೆ ಕಾಯಿಲೆ ಇದೆಯೇ, ಮೊದಲು ಯಾವ ಮಾತ್ರೆ ನುಂಗಿಸಿದಿರಿ, ಏನು ಕೆಲಸ ಮಾಡುತ್ತಿದ್ದರು.

ಆದ್ದರಿಂದ ಘಟ್ಟದ ಮೇಲಿನ ಮನೆಗಳಿಗೆ ಒಂದು ಬಿನ್ನಹ. ಜ್ವರದವರ ಮಾತು ತಪ್ಪಿದರೆ, ಉಸಿರು ಏರಿದರೆ, ಉಚ್ಚೆ ನಿಂತರೆ, ಕೈಕಾಲು ತಣ್ಣಗಾದರೆ ಬೆಳಗಾಗಲೆಂದು ಕಾಯಬೇಡಿ. ರಾತ್ರಿಯೇ 108ಕ್ಕೆ ಫೋನು ಮಾಡಿ. ಹಳೆಯ ಚೀಟಿ, ನುಂಗಿದ ಮಾತ್ರೆಯ ಖಾಲಿ ಹಾಳೆ ಜೊತೆಗಿರಲಿ. ಗದ್ದೆಗೆ ಇಳಿದದ್ದು, ಸೊಪ್ಪಿಗೆ ಹೋದದ್ದು, ಉಣುಗು ಕಚ್ಚಿದ್ದು, ಕಾಲಿಗೆ ಗಾಯವಾದದ್ದು, ಇವನ್ನು ಡಾಕ್ಟರು ಕೇಳುವ ಮೊದಲೇ ಹೇಳಿ.